ಹತ್ತೊಂಬತ್ತರಿಂದ ಶುರು ಮಾಡಿ

ಮಾಯಸಂದ್ರದ ತಿಮ್ಮರಾಜುವಿಗೆ ಕುಡಿತವಿರಲಿಲ್ಲ, ಇಸ್ಪೀಟಿರಲಿಲ್ಲ, ಬೀಡಿಯ ಹತ್ತಿರವೂ ಸುಳಿದವನಲ್ಲ. ಅವನಿಗಿದ್ದದ್ದು ಒಂದೇ ಚಟ. ಯಾರು ಏನು ಕೇಳಿದರೂ 'ಗೊತ್ತಿಲ್ಲ' ಎನ್ನಲು ಅವನ ನಾಲಿಗೆ ಹೊರಳುತ್ತಿರಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಯಾರಾದರೂ ಅವನು ಹೆಸರೇ ಕೇಳಿರದ ಹಳ್ಳಿಗೆ ದಾರಿ ಕೇಳಿದರೆ ಎಡಕ್ಕೋ ಬಲಕ್ಕೋ ಒಂದು ದಿಕ್ಕು ತೋರಿಸಿಯೇ ಕಳಿಸುತ್ತಿದ್ದ. ಹಸು ಮೇವು ಬಿಟ್ಟರೆ ಔಷಧಿ ಹೇಳುತ್ತಿದ್ದ, ಮೊಬೈಲು ಬಿಸಿಯಾದರೆ ಕಾರಣ ಹೇಳುತ್ತಿದ್ದ. ಇದು ಜಂಭವಲ್ಲ. ಬಾಯಾರಿ ಬಂದವರನ್ನು ನೀರು ಕೊಡದೆ ಕಳಿಸಬಾರದೆಂದು ಅವನ ತಾಯಿ ಹೇಳಿಕೊಟ್ಟಿದ್ದಳು. ಕೇಳಿ ಬಂದವರನ್ನು ಉತ್ತರ ಕೊಡದೆ ಕಳಿಸುವುದೂ ಅಷ್ಟೇ ಪಾಪವೆಂದು ಇವನು ತಾನಾಗಿ ಸೇರಿಸಿಕೊಂಡಿದ್ದ. ಇವನ ಮಾತು ನಂಬಿ ದಾರಿ ತಪ್ಪಿದವರು ಯಾರೂ ವಾಪಸು ಬಂದು ಜಗಳವಾಡಿದ್ದಿಲ್ಲ. ದಾರಿ ತಪ್ಪಿದವರು ವಾಪಸು ಬರುವುದಾದರೂ ಹೇಗೆ?

ಯುಗಾದಿ ಕಳೆದ ಮೇಲಿನ ಒಂದು ಮಧ್ಯಾಹ್ನ ತಿಮ್ಮರಾಜು ತೋಟಕ್ಕೆ ನೀರು ಬಿಡಲು ಹೊರಟವನು, ಕರೆಂಟು ಹೋಗಿದೆಯೆಂದು ತಿಳಿದು ದಾರಿಯಲ್ಲೇ ನಿಂತ. ಬಿಸಿಲು ನೆತ್ತಿ ಸುಡುತ್ತಿತ್ತು. ಪಂಚಾಯಿತಿಯ ಗ್ರಂಥಾಲಯದಲ್ಲಿ ಕರೆಂಟು ಹೋದರೂ ಫ್ಯಾನು ತಿರುಗುತ್ತದೆಂಬ ವಿಷಯ ಅವನಿಗೆ ಗೊತ್ತಿತ್ತು. ಇದು ಅವನಿಗೆ ನಿಜವಾಗಿಯೂ ಗೊತ್ತಿದ್ದ ಕೆಲವೇ ವಿಷಯಗಳಲ್ಲಿ ಒಂದು. ಒಳಗೆ ಹೋಗಿ ಫ್ಯಾನಿನ ಕೆಳಗೆ ಕೂತ. ಬರಿಗೈಯಲ್ಲಿ ಕೂತರೆ ಚೆನ್ನಾಗಿರುವುದಿಲ್ಲವೆಂದು ಪಕ್ಕದ ಕಪಾಟಿನಿಂದ ಒಂದು ದಪ್ಪ ಪುಸ್ತಕ ಎಳೆದುಕೊಂಡ. ಎರಡು ನಿಮಿಷದಲ್ಲಿ ಆ ಪುಸ್ತಕ ಅವನ ಮುಖದ ಮೇಲೆ ಮಲಗಿತ್ತು, ಅದರ ಕೆಳಗೆ ಅವನು.

"ಸರ್, ನೀವು ಇದನ್ನ ಓದ್ತೀರಾ?"

ತಿಮ್ಮರಾಜು ಗಾಬರಿಯಿಂದ ಎದ್ದು ಕೂತ. ಎದುರಿಗೆ ಗ್ರಂಥಾಲಯಕ್ಕೆ ಹೊಸದಾಗಿ ಬಂದಿದ್ದ ಸುನಂದಾ ಮೇಡಂ ನಿಂತಿದ್ದರು. ಚಿಕ್ಕನಾಯಕನಹಳ್ಳಿ ಕಡೆಯವರು, ಸಾಧು ಸ್ವಭಾವದವರು. ಮಲಗಿದವರನ್ನೂ ಓದುಗರೆಂದೇ ನಂಬುವಷ್ಟು ಸಾಧು.

"ಓದ್ದೆ ಇರ್ತೀನಾ ಮತ್ತೆ?" ಎಂದ ತಿಮ್ಮರಾಜು.

ಮೇಡಂ ಮುಖ ಅರಳಿತು. ತುರುವೇಕೆರೆಯ ಯಾರೋ ಪುಣ್ಯಾತ್ಮರು ಮನೆಗೆ ಸುಣ್ಣ ಹೊಡೆಸುವಾಗ 'ಅಡ್ಡಮಳೆ ಸಂಸ್ಥಾನ' ಎಂಬ ಈ ಸರಣಿಯನ್ನು ಅಷ್ಟೂ ಗ್ರಂಥಾಲಯಕ್ಕೆ ದಾನ ಮಾಡಿದ್ದರಂತೆ. ಒಂದಲ್ಲ ಎರಡಲ್ಲ, ಮೂವತ್ತಾರು ಪುಸ್ತಕ. ಮಳೆ ಮೇಲಿಂದ ಬೀಳದೆ ಅಡ್ಡಡ್ಡ ಸುರಿಯುವ ಒಂದು ಊರು, ಅಲ್ಲಿ ಮಂತ್ರವನ್ನು ಅರ್ಧಕ್ಕೇ ಮರೆಯುವ ಮಂತ್ರವಾದಿ, ಮನುಷ್ಯರನ್ನು ಕಂಡರೆ ಹೆದರುವ ದೆವ್ವ, ಹೀಗೆ ನಗೆಗತೆ. ಬರೆದವರು ಇನ್ನೂ ನಿಲ್ಲಿಸಿಲ್ಲವಂತೆ. ಬಂದವರೆಲ್ಲ ಆ ಸಾಲನ್ನು ನೋಡಿ, "ಅಬ್ಬಬ್ಬ, ಇದನ್ನ ಎಲ್ಲಿಂದ ಶುರು ಮಾಡೋದು" ಎಂದು ಪೇಪರು ಓದಿ ಎದ್ದು ಹೋಗುತ್ತಿದ್ದರಂತೆ.

"ನಾನೂ ಓದಿಲ್ಲ ಸರ್. ಸುಮ್ನೆ ಯಾಕೆ ಸುಳ್ಳು ಹೇಳ್ಲಿ. ನೀವೇ ಹೇಳಿ, ಎಲ್ಲಿಂದ ಶುರು ಮಾಡ್ಬೇಕು?"

ತಿಮ್ಮರಾಜು ಕೈಲಿದ್ದ ಪುಸ್ತಕದ ಬೆನ್ನು ನೋಡಿದ. ಹತ್ತೊಂಬತ್ತು ಎಂದಿತ್ತು.

"ಹತ್ತೊಂಬತ್ತರಿಂದ ಶುರು ಮಾಡಿ," ಎಂದ.

"ಮಧ್ಯದಿಂದಾನಾ?"

"ನೋಡಿ ಮೇಡಂ, ತೆಂಗಿನಕಾಯಿ ಸುಲಿಯೋನು ತೊಟ್ಟೆಲ್ಲೈತೆ, ತುದಿ ಎಲ್ಲೈತೆ ಅಂತ ಹುಡುಕ್ತಾ ಕೂರ್ತಾನಾ? ಗೂಟಕ್ಕೆ ಎಲ್ಲಿ ಕಚ್ಚಿಕೊಳ್ಳುತ್ತೋ ಅಲ್ಲಿಂದ ಸುಲೀತಾನೆ. ಮಟ್ಟೆ ತಾನಾಗಿ ಬತ್ತದೆ."

ಮಾತು ಹೊರಬಿದ್ದ ಮೇಲೆ ಅದು ಇಷ್ಟು ಚೆನ್ನಾಗಿದೆಯಲ್ಲಾ ಎಂದು ತಿಮ್ಮರಾಜುವಿಗೇ ಆಶ್ಚರ್ಯವಾಯಿತು. ಅಷ್ಟರಲ್ಲಿ ಕರೆಂಟು ಬಂತು. ಪುಸ್ತಕವನ್ನು ಮೇಡಂ ಕೈಗಿಟ್ಟು ತೋಟಕ್ಕೆ ನಡೆದ.

ವಾರ ಕಳೆದು ಸಂತೆಯಲ್ಲಿ ಸುನಂದಾ ಮೇಡಂ ಅವನನ್ನು ಅಡ್ಡಹಾಕಿದರು. ಎಲ್ಲ ಗೊತ್ತಾಗಿ ಬೈಯಲು ಬಂದರೆಂದೇ ತಿಮ್ಮರಾಜು ತಿಳಿದು ಹುರುಳಿಕಾಯಿ ಚೀಲವನ್ನು ಎದೆಗೆ ಅಡ್ಡ ಹಿಡಿದ.

"ಎಂಥಾ ಉಪಾಯ ಸರ್ ನಿಮ್ಮದು," ಎಂದರು ಮೇಡಂ. "ಹತ್ತೊಂಬತ್ತು ಓದಿದೆ, ಒಂದಕ್ಷರ ಅರ್ಥ ಆಗ್ಲಿಲ್ಲ. ಮೊದಲ ಪುಟದಲ್ಲೇ ರಾಜ ಸಾಯ್ತಾನೆ, ಎರಡನೇ ಪುಟದಲ್ಲಿ ಊರೆಲ್ಲಾ ಬಿದ್ದು ಬಿದ್ದು ನಗುತ್ತೆ. ಯಾಕೆ ಅಂತ ತಲೆ ಕೆಟ್ಟುಹೋಗಿ ಹದಿನೆಂಟು ತಗೊಂಡೆ. ಅದೂ ಅರ್ಥ ಆಗ್ಲಿಲ್ಲ. ಹದಿನೇಳಕ್ಕೆ ಹೋದೆ. ಈಗ ಹದಿನೈದರಲ್ಲಿದ್ದೀನಿ, ನಿದ್ದೆ ಬಿಟ್ಟು ಓದ್ತಾ ಇದ್ದೀನಿ. ಹಿಂದಕ್ಕೆ ಓದ್ಲಿ ಅಂತಲೇ ಅಲ್ವಾ ನೀವು ಹೇಳಿದ್ದು?"

"ಮತ್ತಿನ್ನೇನು," ಎಂದ ತಿಮ್ಮರಾಜು, ಚೀಲ ಕೆಳಗಿಳಿಸುತ್ತಾ.

ಮೇಡಂ ಗ್ರಂಥಾಲಯದ ಕರಿಹಲಗೆಯ ಮೇಲೆ, 'ಅಡ್ಡಮಳೆ ಸಂಸ್ಥಾನ ಓದಬಯಸುವವರು ಶ್ರೀ ತಿಮ್ಮರಾಜು ಅವರನ್ನು ವಿಚಾರಿಸಿ' ಎಂದು ಬರೆದರು. ಅವನ ಹೆಸರು ಹಲಗೆಯ ಮೇಲೆ ಬಂದದ್ದು ಜೀವನದಲ್ಲಿ ಎರಡನೆಯ ಸಲ. ಮೊದಲ ಸಲ ಪಂಚಾಯಿತಿ ಕಂದಾಯ ಕಟ್ಟದವರ ಸಾಲಿನಲ್ಲಿ ಬಂದಿತ್ತು.

ಜನ ಬರತೊಡಗಿದರು. ಹಾಲಿನ ಡೇರಿಯ ಸೂರ್ಯಪ್ರಕಾಶ್ ಬಂದ. ತಿಮ್ಮರಾಜು ಅವನನ್ನು ಮೇಲಿಂದ ಕೆಳಗೆ ನೋಡಿ, ನಾಡಿ ಹಿಡಿದ ವೈದ್ಯನಂತೆ ಕಣ್ಣು ಮುಚ್ಚಿ, "ನಿಂಗೆ ಹನ್ನೊಂದು," ಎಂದ. ಹನ್ನೊಂದರಲ್ಲಿ ಹಾಲು ಕರೆಯುವ ಭೂತವೊಂದಿತ್ತೆಂಬುದು ಶುದ್ಧ ಕಾಕತಾಳೀಯ. ಆದರೆ ಸೂರ್ಯಪ್ರಕಾಶ್ ಎರಡು ದಿನ ಡೇರಿಯಲ್ಲಿ ಅದನ್ನೇ ಹೇಳಿದ. ಹೊಲಿಗೆ ಕೆಲಸದ ಸಿದ್ದಗಂಗಮ್ಮನಿಗೆ ಇಪ್ಪತ್ನಾಲ್ಕು ಕೊಟ್ಟ. ಅದರಲ್ಲಿ ಹೊಲಿಗೆಯಿರಲಿಲ್ಲ, ಆದರೆ ಅತ್ತೆಯೊಬ್ಬಳು ಕಪ್ಪೆಯಾಗುತ್ತಿದ್ದಳು. ಸಿದ್ದಗಂಗಮ್ಮ ಅದನ್ನು ಮೂರು ಸಲ ಓದಿದಳು.

"ಅಲ್ಲಾರೀ," ಎಂದಳು ಹೆಂಡತಿ ವನಜಾಕ್ಷಿ, ಮುದ್ದೆ ತೊಳಸುತ್ತಾ. "ನೀವು ಇವನ್ನೆಲ್ಲಾ ಯಾವಾಗ ಓದಿದ್ರಿ?"

"ಓದೋಕೇನೈತೆ ಬುಡು. ಜನಾನ ಓದ್ಬೇಕು."

"ನಂಗೆ ಯಾವುದು?"

"ನಿಂಗ್ಯಾಕೆ ಪುಸ್ತಕ. ನೀನೇ ಒಂದು ಸಂಸ್ಥಾನ."

ಇದು ಹೊಗಳಿಕೆಯೋ ತೆಗಳಿಕೆಯೋ ತಿಳಿಯದೆ ವನಜಾಕ್ಷಿ ಅಂದು ಸಾರಿಗೆ ಉಪ್ಪು ಎರಡು ಸಲ ಹಾಕಿದಳು.

ಹೀಗೆ ಸುಖವಾಗಿ ನಡೆಯುತ್ತಿದ್ದುದಕ್ಕೆ ಅಡ್ಡಬಂದವರು ನಿವೃತ್ತ ಹೆಡ್‌ಮೇಷ್ಟ್ರು ವೀರಭದ್ರಯ್ಯನವರು. ಅವರು ಹೋಟೆಲಿನಲ್ಲಿ ಎಲ್ಲರ ಎದುರಿಗೆ ತಿಮ್ಮರಾಜುವನ್ನು ಹಿಡಿದರು.

"ಏನಯ್ಯಾ, ಮಗ್ಗೀನ ಹತ್ತೊಂಬತ್ತರಿಂದ ಶುರು ಮಾಡ್ತಾರೇನಯ್ಯ? ಒಂದಾದ ಮೇಲೆ ಎರಡು. ಬರೆದೋನು ದಡ್ಡನಾ ನಂಬರು ಹಾಕೋಕೆ?"

"ಮೇಷ್ಟ್ರೇ, ತಾವು ಯಾವುದ್ರಿಂದ ಶುರು ಮಾಡಿದ್ರಿ?"

"ಒಂದರಿಂದ."

"ಈಗ ಯಾವುದ್ರಲ್ಲಿದ್ದೀರಿ?"

ಮೇಷ್ಟ್ರು ಕಾಫಿ ಲೋಟದ ತಳ ನೋಡಿದರು. "ಒಂದರಲ್ಲೇ," ಎಂದರು. ಒಂದನೆಯ ಪುಸ್ತಕದಲ್ಲಿ ಮಳೆ ಯಾಕೆ ಅಡ್ಡ ಬೀಳುತ್ತದೆಂಬ ವಿವರಣೆಯೇ ಐವತ್ತು ಪುಟವಿತ್ತು. ಮೇಷ್ಟ್ರು ಒಂದೂವರೆ ತಿಂಗಳಿನಿಂದ ಆ ಮಳೆಯಲ್ಲಿ ಸಿಕ್ಕಿಬಿದ್ದಿದ್ದರು. ದಿನಾ ಎರಡು ಪುಟ ಓದುವುದು, ಅಲ್ಲಿಗೇ ನಿದ್ದೆ, ಮಾರನೆ ದಿನ ಮರೆತು ಅದನ್ನೇ ಓದುವುದು.

ಹೋಟೆಲಿನವರು ನಕ್ಕರು. ಮೇಷ್ಟ್ರು ನಗಲಿಲ್ಲ. ಅಂದಿನಿಂದ ಊರಲ್ಲಿ ಎರಡು ಪಕ್ಷವಾಯಿತು, ಒಂದನೆಯವರು ಮತ್ತು ಹತ್ತೊಂಬತ್ತನೆಯವರು. ಪುಸ್ತಕ ಮುಟ್ಟದವರೂ ಒಂದು ಪಕ್ಷಕ್ಕೆ ಸೇರಿಕೊಂಡರು. ಕ್ಷೌರದಂಗಡಿಯಲ್ಲಿ ವಾದ ಬೆಳೆದು ಒಬ್ಬನ ಮೀಸೆ ಒಂದೇ ಕಡೆ ಉಳಿಯಿತು. ಕೊನೆಗೆ ಸುನಂದಾ ಮೇಡಂ, ಬರುವ ಭಾನುವಾರ ಬಿಟ್ಟು ಅದರ ಮುಂದಿನ ಭಾನುವಾರ ಗ್ರಂಥಾಲಯದಲ್ಲಿ ಇಬ್ಬರಿಂದಲೂ ಮಾತಾಡಿಸುವುದೆಂದು ಗೊತ್ತುಮಾಡಿದರು.

ಇದರಿಂದ ತಿಮ್ಮರಾಜು ಸ್ವಲ್ಪವೂ ಹೆದರಲಿಲ್ಲ. ಅವನು ಹೆದರಿದ್ದು ಬೇರೆಯದಕ್ಕೆ.

ತಿಮ್ಮರಾಜುವಿಗೆ ಹುಚ್ಚಣ್ಣನೆಂಬ ಅಣ್ಣನಿದ್ದ. ಇಬ್ಬರ ಮನೆಗೂ ನಡುವೆ ಒಂದೇ ಗೋಡೆ, ತೋಟಕ್ಕೂ ಒಂದೇ ಬದು. ಆ ಬದುವಿನ ಮೇಲೆ ಒಂದು ತೆಂಗಿನಮರ ಹುಟ್ಟಿದ್ದು ಅಣ್ಣನ ಕಡೆ, ಬಾಗಿದ್ದು ತಮ್ಮನ ಕಡೆ. ಕಾಯಿ ಬಿದ್ದದ್ದು ಯಾರದೆಂದು ಶುರುವಾದ ಮಾತು, ಏಳೆಂಟು ವರ್ಷದಿಂದ ಇಬ್ಬರಿಗೂ ಮಾತೇ ಇಲ್ಲದಂತೆ ಮಾಡಿತ್ತು. ಹೆಂಗಸರು ಮಾತ್ರ ಹಿತ್ತಿಲಲ್ಲಿ ಸಾರು ಪಲ್ಯ ಬದಲಾಯಿಸಿಕೊಳ್ಳುತ್ತಿದ್ದರು. ತಾನು ತಿನ್ನುವ ಹುಳಿ ಅರ್ಧ ಅಣ್ಣನ ಮನೆಯದೆಂದು ತಿಮ್ಮರಾಜುವಿಗೆ ಗೊತ್ತಿತ್ತು. ತಿಂದು ಸುಮ್ಮನಿರುತ್ತಿದ್ದ.

ತಿಂಗಳ ಹಿಂದೆ ಹುಚ್ಚಣ್ಣ ತೋಟದ ಕಾಲುವೆಯಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡಿದ್ದ. ತಿಪಟೂರಿನ ಮೂಳೆ ಡಾಕ್ಟರು ಪಟ್ಟಿ ಕಟ್ಟಿ, ಮಂಚ ಬಿಟ್ಟು ಏಳಬೇಡಿ ಎಂದಿದ್ದರು. ಮೂರು ಹೊತ್ತೂ ತೋಟ ಸುತ್ತುತ್ತಿದ್ದ ಮನುಷ್ಯ ಈಗ ತೊಲೆ ಎಣಿಸುತ್ತಾ ಮಲಗಿದ್ದ. ನೋಡಿಬರಲು ತಿಮ್ಮರಾಜು ಎರಡು ಸಲ ಅವನ ಬಾಗಿಲವರೆಗೆ ಹೋಗಿ, ಎದುರಿಗೆ ಬಂದವರು "ಏನು ಈ ಕಡೆ?" ಎಂದದ್ದಕ್ಕೆ "ಕರು ತಪ್ಪಿಸ್ಕಂಡಿದೆ" ಎಂದು ಹೇಳಿ ಹಿಂದಿರುಗಿದ್ದ. ಅವನ ಕರುಗಳೆರಡೂ ಕೊಟ್ಟಿಗೆಯಲ್ಲಿ ಹುಲ್ಲು ತಿನ್ನುತ್ತಿದ್ದವು.

ಅಂಥದರಲ್ಲಿ ಒಂದು ಬೆಳಿಗ್ಗೆ ಅತ್ತಿಗೆ ಲಕ್ಷ್ಮಿದೇವಮ್ಮ ಹಿತ್ತಿಲಿಗೆ ಬಂದು ವನಜಾಕ್ಷಿಯನ್ನು ಕರೆದಳು. ತಿಮ್ಮರಾಜು ಒಳಗೆ ಹಲ್ಲುಜ್ಜುತ್ತಾ ಕಿವಿ ನಿಮಿರಿಸಿದ.

"ವನಜಾ, ನಿಮ್ ಭಾವನೋರಿಗೆ ಮಲಗಿ ಮಲಗಿ ತಲೆ ಕೆಟ್ಟೈತೆ. ನೊಣ ಕೂತ್ರೂ ನಂಗೇ ಬೈತಾರೆ. ಅದ್ಯಾವುದೋ ನಗೋ ಪುಸ್ತಕ ಅಂತಲ್ಲ, ಯಾವುದ್ರಿಂದ ಶುರು ಮಾಡಾದು ಅಂತ ಅವನ್ನ ಕೇಳ್ಕಂಡು ಬಾ ಅಂದ್ರು."

"ಅವನ್ನ ಅಂದ್ರಾ?"

"ಹೂಂ ಕಣೇ. ಹೆಸ್ರು ಹೇಳ್ಳಿಲ್ಲ. ಗೋಡೆ ಕಡೆ ಕೈ ತೋರ್ಸಿ ಅವನ್ನ ಅಂದ್ರು."

ವನಜಾಕ್ಷಿ ಒಳಗೆ ಬಂದು ಗಂಡನ ಮುಖ ನೋಡಿದಳು. ಏಳು ಎಂದರೂ ಆಗುತ್ತಿತ್ತು, ಇಪ್ಪತ್ತು ಎಂದರೂ ಆಗುತ್ತಿತ್ತು. ಆದರೆ ತಿಮ್ಮರಾಜುವಿನ ಬಾಯಿಂದ ಸಂಖ್ಯೆ ಹೊರಡಲಿಲ್ಲ. ಅಪ್ಪ ಹೋದ ಮೇಲೆ ಇವನನ್ನು ಹೆಗಲ ಮೇಲೆ ಕೂರಿಸಿಕೊಂಡು ಸ್ಕೂಲಿಗೆ ಸೇರಿಸಿದವನು ಹುಚ್ಚಣ್ಣ. ಸ್ಲೇಟಿನ ಮೇಲೆ ಅ ಆ ತಿದ್ದಿಸಿದವನೂ ಅವನೇ. ಅವನು ಇಷ್ಟು ವರ್ಷದ ಮೇಲೆ ಒಂದು ಮಾತು ಕೇಳಿದ್ದಾನೆ. ಕೊಟ್ಟ ಪುಸ್ತಕ ಅಣ್ಣನಿಗೆ ಹಿಡಿಸದೆ ಹೋದರೆ?

"ಹೇಳ್ತೀನಿ ಅನ್ನು. ಯೋಚ್ನೆ ಮಾಡ್ಬೇಕು," ಎಂದ.

ತಿಮ್ಮರಾಜು ಯೋಚನೆ ಮಾಡುತ್ತೇನೆಂದದ್ದನ್ನು ವನಜಾಕ್ಷಿ ಮದುವೆಯಾದಾಗಿನಿಂದ ಮೊದಲ ಸಲ ಕೇಳಿದ್ದಳು. ಹಣೆ ಮುಟ್ಟಿ ಜ್ವರವಿಲ್ಲವೆಂದು ಖಾತ್ರಿ ಮಾಡಿಕೊಂಡಳು.

ಅವನು ಗ್ರಂಥಾಲಯದಿಂದ ಒಂದು ಗೊಬ್ಬರದ ಚೀಲದ ತುಂಬ ಪುಸ್ತಕ ಹೊತ್ತು ತೋಟದ ಪಂಪ್‌ಹೌಸಿಗೆ ಹೋಗಿ ಕೂತ. ಮೊದಲು ಒಂದನೆಯದನ್ನು ತೆಗೆದ; ದಾನ ಬಂದದ್ದರಲ್ಲಿ ಅದೊಂದಕ್ಕೆ ಮಾತ್ರ ಎರಡು ಪ್ರತಿಯಿದ್ದು, ಇನ್ನೊಂದು ಮೇಷ್ಟ್ರ ಬಳಿಯಿತ್ತು. ಇಪ್ಪತ್ತನೆಯ ಪುಟದಲ್ಲಿ ಎಚ್ಚರವಾದಾಗ ಸಂಜೆಯಾಗಿತ್ತು. ಮೇಷ್ಟ್ರ ಮೇಲೆ ಅವನಿಗೆ ಮೊದಲ ಬಾರಿಗೆ ಮರುಕ ಹುಟ್ಟಿತು. ಮಾರನೆಯ ದಿನ ಹತ್ತೊಂಬತ್ತನ್ನು ತೆಗೆದು, ಇಂಥದ್ದನ್ನು ಪಾಪ ಆ ಹೆಣ್ಣುಮಗಳಿಗೆ ಕೊಟ್ಟೆನಲ್ಲಾ ಎಂದು ನಾಚಿದ. ನಾಲ್ಕು ಚೆನ್ನಾಗಿತ್ತು, ಆದರೆ ಅದರಲ್ಲಿ ದಾಯಾದಿ ಜಗಳವಿತ್ತು, ಅಣ್ಣ ತಪ್ಪು ತಿಳಿದಾನು. ಒಂಬತ್ತರಲ್ಲಿ ಕಾಲು ಮುರಿದವನೊಬ್ಬ ಬರುತ್ತಿದ್ದ, ಅದೂ ಬೇಡ. ಹೀಗೆ ಒಂದೊಂದನ್ನೂ ಸೊಸೆ ಹುಡುಕುವವರಂತೆ ತೆಗೆದು, ನೋಡಿ, ಒಂದು ಕೊರತೆ ಕಂಡು ಪಕ್ಕಕ್ಕಿಟ್ಟ. ಏಳನೆಯದಕ್ಕೆ ಬಂದಾಗ ಮಾತ್ರ ಅವನಿಗೆ ತಡೆಯಲಾಗಲಿಲ್ಲ.

ಕಾಯಿ ಕೆಡವಲು ಬಂದಿದ್ದ ಈರಣ್ಣ ಪಂಪ್‌ಹೌಸಿನ ಒಳಗಿಂದ ಕೇಳಿಬಂದ ಸದ್ದಿಗೆ ಕಿಟಕಿಯಲ್ಲಿ ಇಣುಕಿದ. ತಿಮ್ಮರಾಜು ಮೋಟಾರಿಗೆ ಒರಗಿ, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಸುರಿಸುತ್ತಾ ಒಬ್ಬನೇ ಹೊರಳಾಡುತ್ತಿದ್ದ. ಈರಣ್ಣ ಓಡಿ ಬಂದು ವನಜಾಕ್ಷಿಗೆ ಹೇಳಿದ.

"ಅಕ್ಕಾ, ಅಣ್ಣಂಗೆ ಏನೋ ಮೆಟ್ಕಂಡದೆ. ಹಲ್ಲು, ಹಲ್ಲು ಅಂತ ನಗ್ತಾವ್ರೆ."

ವನಜಾಕ್ಷಿ ಪೊರಕೆ ಹಿಡಿದೇ ತೋಟಕ್ಕೆ ಬಂದಳು. ಬಂದವಳಿಗೆ ತಿಮ್ಮರಾಜು ಒಂದು ಪುಟ ಓದಿ ಹೇಳಿದ. ಅರ್ಧ ಗಂಟೆ ಕಳೆದರೂ ಇಬ್ಬರೂ ಬರದೆ ಇದ್ದಾಗ ಈರಣ್ಣ ಮತ್ತೆ ಇಣುಕಿದ. ಈಗ ಇಬ್ಬರಿಗೂ ಮೆಟ್ಟಿಕೊಂಡಿತ್ತು.

ಆದರೆ ಗೋಡೆಯ ಆಚೆ ಬೇರೆ ಲೆಕ್ಕ ನಡೆದಿತ್ತು. ಹುಚ್ಚಣ್ಣ ಒಂದು ದಿನ ಕಾದ, ಎರಡು ದಿನ ಕಾದ, ವಾರ ಕಾದ. ಲಕ್ಷ್ಮಿದೇವಮ್ಮ "ಯೋಚ್ನೆ ಮಾಡ್ತಾವ್ನಂತೆ" ಎಂದಷ್ಟೂ ಅವನ ಸಿಟ್ಟು ಏರಿತು.

"ಯೋಚ್ನೆ? ಡೇರಿಯೋನಿಗೆ ಹೇಳಕ್ಕೆ ಯೋಚ್ನೆ ಬೇಕಿರ್ಲಿಲ್ಲ. ಸಿದ್ದಗಂಗಮ್ಮಂಗೆ ಹೇಳಕ್ಕೆ ಬೇಕಿರ್ಲಿಲ್ಲ. ಊರಿಗೆಲ್ಲಾ ಕಡ್ಲೆಪುರಿ ಹಂಚ್ದಂಗೆ ಹಂಚ್ತಾನೆ, ನಂಗೆ ಒಂದು ನಂಬರ್ ಹೇಳಕ್ಕೆ ಅವನಿಗೆ ವಾರ ಬೇಕಾ? ನಾನು ಕೇಳಿದ್ದೇ ತಪ್ಪಾಯ್ತು. ಮೇಷ್ಟ್ರನ್ನ ಕರಿ."

ತನ್ನ ಬದುಕಿನಲ್ಲಿ ಒಂದೇ ಒಂದು ಸಲ ಉತ್ತರವನ್ನು ತೂಗಿ ಕೊಡಲು ಹೊರಟ ತಿಮ್ಮರಾಜುವಿಗೆ ಸಿಕ್ಕಿದ ಮರ್ಯಾದೆ ಇದು. ವೀರಭದ್ರಯ್ಯನವರು ಭಾನುವಾರ ಬೆಳಿಗ್ಗೆ ತಾವೇ ಬಂದು, ತಾವು ಓದಿ ಮುಗಿಸದ ಒಂದನೆಯ ಪುಸ್ತಕವನ್ನು ಉದಾರವಾಗಿ ಹುಚ್ಚಣ್ಣನ ತಲೆದಿಂಬಿನ ಪಕ್ಕ ಇಟ್ಟು, ಸಭೆಗೆ ಹೊರಟರು.

ಗ್ರಂಥಾಲಯದಲ್ಲಿ ಕುರ್ಚಿ ಸಾಲದೆ ಜನ ಬಾಗಿಲಲ್ಲಿ ನಿಂತಿದ್ದರು. ಮೇಷ್ಟ್ರು ಎದ್ದು ಗಂಟಲು ಸರಿಮಾಡಿಕೊಂಡು, "ನಮ್ಮ ಪಕ್ಷಕ್ಕೆ ಇವತ್ತು ಒಬ್ಬ ಹೊಸ ಸದಸ್ಯರು ಸೇರಿದ್ದಾರೆ, ಎದುರು ಪಕ್ಷದೋರ ಸ್ವಂತ ಅಣ್ಣನೋರೇ ಒಂದರಿಂದ ಶುರು ಮಾಡ್ತಾ ಇದ್ದಾರೆ," ಎಂದರು. ಒಂದನೆಯವರು ಚಪ್ಪಾಳೆ ತಟ್ಟಿದರು.

ತಿಮ್ಮರಾಜು ಎದ್ದು ನಿಂತ. "ಒಂದನೇದು ಕೊಟ್ರಾ? ನಮ್ಮಣ್ಣಂಗೆ?" ಎಂದ. "ಮೇಷ್ಟ್ರೇ, ಅದನ್ನ ಓದಿದ್ರೆ ಅವನು ಎರಡನೇದು ಮುಟ್ಟಾದೇ ಇಲ್ಲ." ಚೀಲದಿಂದ ಏಳನೆಯ ಪುಸ್ತಕ ಎಳೆದುಕೊಂಡು, ಪಂಚೆ ಎತ್ತಿ ಕಟ್ಟಿ, ಜನರ ನಡುವೆ ನುಗ್ಗಿ ಹೊರಗೆ ಓಡಿದ. ಭಾಷಣಕಾರನೇ ಓಡಿಹೋದ ಮೇಲೆ ಸಭೆ ಕೂತು ಮಾಡುವುದೇನು? ಸಭೆಯೂ ಹಿಂದೆಯೇ ಹೊರಟಿತು.

ಹುಚ್ಚಣ್ಣ ಪಡಸಾಲೆಯ ಮಂಚದ ಮೇಲೆ, ಪಟ್ಟಿ ಕಟ್ಟಿದ ಕಾಲನ್ನು ದಿಂಬಿನ ಮೇಲಿಟ್ಟು, ಎದೆಯ ಮೇಲೆ ಒಂದನೆಯ ಪುಸ್ತಕ ಹೊತ್ತು ಮಲಗಿದ್ದ. ತಿಮ್ಮರಾಜು ಬಾಗಿಲಲ್ಲಿ ನಿಂತದ್ದನ್ನು ನೋಡಿದ.

"ಕರು ತಪ್ಪಿಸ್ಕಂತಾ?" ಎಂದ.

ತಿಮ್ಮರಾಜುವಿಗೆ ಏದುಸಿರು. "ಎಷ್ಟು ಪುಟ ಓದ್ದೆಣ್ಣ?"

"ಎಷ್ಟು ಓದಿದ್ರೆ ನಿಂಗೇನ್ಲಾ? ಊರೋರಿಗೆಲ್ಲಾ ಹೇಳ್ದೋನು ನಂಗೆ ಹೇಳಕ್ಕೆ ನಾಲ್ಗೆ ಬಿದ್ದೋಗಿತ್ತಾ?"

ಅಂಗಳದಲ್ಲಿ ಒಂದನೆಯವರೂ ಹತ್ತೊಂಬತ್ತನೆಯವರೂ ಒತ್ತೊತ್ತಾಗಿ ನಿಂತಿದ್ದರು. ತಿಮ್ಮರಾಜು ಅವರ ಕಡೆ ನೋಡಲಿಲ್ಲ.

"ಊರೋರಿಗೆ ಹೇಳಿದ್ದೆಲ್ಲಾ ಬುರುಡೆ ಕಣಣ್ಣ. ನಾನು ಒಂದೂ ಓದಿರ್ಲಿಲ್ಲ. ಬಾಯಿಗೆ ಬಂದಿದ್ದು ಹೇಳ್ದೆ. ನೀನು ಕೇಳ್ದಾಗ ಹಂಗೆ ಹೇಳಕ್ಕಾಗ್ಲಿಲ್ಲ. ನಂಗೊತ್ತಿರ್ಲಿಲ್ಲ. ಅದಕ್ಕೇ ಓದ್ತಾ ಕೂತೆ."

ಸುನಂದಾ ಮೇಡಂ ಬಾಯಿಗೆ ಕೈ ಹಿಡಿದರು. ಸೂರ್ಯಪ್ರಕಾಶ್, "ಹಂಗಾರೆ ನಂಗೆ ಹನ್ನೊಂದು ಅಂದಿದ್ದು?" ಎಂದು ಶುರುಮಾಡಿದ. ಸಿದ್ದಗಂಗಮ್ಮ ಅವನ ಪಕ್ಕೆಗೆ ತಿವಿದಳು.

ಹುಚ್ಚಣ್ಣ ತಮ್ಮನ ಕಡೆ ತಲೆ ತಿರುಗಿಸಿದ.

"ನೀನು ಓದ್ದಾ?"

"ಹೂಂ."

"ಕೂತ್ಕಂಡು?"

"ಹೂಂ ಕಣಣ್ಣ. ಪಂಪ್‌ಹೌಸಲ್ಲಿ."

"ಮೂರನೇ ಕ್ಲಾಸಲ್ಲಿ ಒಂದು ಪಾಠ ಓದ್ಸಕ್ಕೆ ನಿನ್ನ ಕಂಬಕ್ಕೆ ಕಟ್ಟಾಕಿದ್ದೆ," ಎಂದ ಹುಚ್ಚಣ್ಣ. ಎದೆಯ ಮೇಲಿನ ಪುಸ್ತಕವನ್ನು ತೆಗೆದು ಮೇಷ್ಟ್ರ ಕಡೆ ಚಾಚಿದ. "ತಗಳ್ಳಿ ಮೇಷ್ಟ್ರೇ. ಇದ್ರಲ್ಲಿ ಬರೀ ಮಳೆ." ಮತ್ತೆ ತಮ್ಮನ ಕಡೆ ತಿರುಗಿ, "ಮಲಗ್ಕಂಡು ಎತ್ತಿ ಹಿಡುದ್ರೆ ಕೈ ನೋಯ್ತದೆ. ನೀನೇ ಓದು," ಎಂದ.

ತಿಮ್ಮರಾಜು ಮಂಚದ ತುದಿಯಲ್ಲಿ ಕೂತು ಓದಿದ. ರಾಕ್ಷಸನೊಬ್ಬ ಹಲ್ಲುನೋವೆಂದು ಮಂತ್ರವಾದಿಯ ಬಳಿ ಬರುತ್ತಾನೆ. ಮಂತ್ರವಾದಿ ಹಲ್ಲು ಮಾಯವಾಗುವ ಮಂತ್ರ ಹೇಳಹೊರಟು ಅರ್ಧಕ್ಕೆ ಮರೆಯುತ್ತಾನೆ. ರಾಕ್ಷಸನೇ ಮಾಯವಾಗಿ ಕುರ್ಚಿಯ ಮೇಲೆ ಹಲ್ಲೊಂದೇ ಉಳಿಯುತ್ತದೆ, ನೋಯುತ್ತಾ. ಹುಚ್ಚಣ್ಣ ಮುಖ ಬಿಗಿದುಕೊಂಡೇ ಕೇಳಿದ. ರಾಕ್ಷಸನ ಹೆಂಡತಿ ಬಂದು, ಅತ್ತು, ಹಲ್ಲನ್ನು ಸೆರಗಲ್ಲಿ ಕಟ್ಟಿಕೊಂಡು ಮನೆಗೆ ಒಯ್ಯುತ್ತಾಳೆ. ದಿನಾ ಅದರ ಮುಂದೆ ಊಟದ ಎಲೆ ಹಾಕುತ್ತಾಳೆ. ಮೂರನೆಯ ದಿನ ಅಕ್ಕಪಕ್ಕದವರಿಗೆ ಹೇಳುತ್ತಾಳೆ, "ಮೊದಲಿಗಿಂತ ಈಗ ನಮ್ಮೆಜಮಾನರು ಎಷ್ಟೋ ವಾಸಿ, ಎದುರು ಮಾತಾಡಲ್ಲ."

ಬಾಗಿಲ ಹತ್ತಿರದಿಂದ ಲಕ್ಷ್ಮಿದೇವಮ್ಮ ಮೊದಲು ನಕ್ಕಳು. ಹುಚ್ಚಣ್ಣ ಹೆಂಡತಿಯ ಕಡೆ ತಿರುಗಿ ಗದರಲು ಬಾಯಿ ತೆರೆದ. ಗದರಿಕೆಯ ಬದಲು ನಗು ಹೊರಬಿತ್ತು. ಮಂಚ ಅಲುಗಿತು, ಕಾಲು ದಿಂಬಿನಿಂದ ಜಾರಿತು. "ಅಯ್ಯೋ, ನಿಲ್ಸಲಾ, ಮೂಳೆ ನೋಯ್ತದೆ," ಎಂದ. ತಿಮ್ಮರಾಜು ನಿಲ್ಲಿಸಿದ. "ಯಾಕ್ಲಾ ನಿಲ್ಸಿದೆ, ಓದು," ಎಂದ. ಜಗಲಿಯ ಮೇಲೆ ವೀರಭದ್ರಯ್ಯನವರು ಕೆಮ್ಮುತ್ತಿದ್ದಂತೆ ಕಂಡರು. ಕೆಮ್ಮು ಬಹಳ ಹೊತ್ತು ನಿಲ್ಲಲಿಲ್ಲ.

ಸಭೆ ಮತ್ತೆ ಗ್ರಂಥಾಲಯಕ್ಕೆ ಹೋಗಲಿಲ್ಲ. ತಾವು ಮೋಸಹೋದೆವೆಂದು ಹತ್ತೊಂಬತ್ತನೆಯವರು ಯಾರೂ ಗಲಾಟೆ ಮಾಡಲೂ ಇಲ್ಲ. ಓದಿ ನಕ್ಕವರಿಗೆ ಮೋಸವಾದದ್ದು ಎಲ್ಲಿ ಎಂಬುದು ಅವರಿಗೇ ತಿಳಿಯಲಿಲ್ಲ. ಸುನಂದಾ ಮೇಡಂ ಮಾತ್ರ ಹಿಂದಕ್ಕೆ ಓದುತ್ತಾ ಎರಡಕ್ಕೆ ಬಂದಿದ್ದರು, ಇನ್ನು ನಿಲ್ಲಿಸುವಂತಿರಲಿಲ್ಲ.

ಅಂದಿನಿಂದ ದಿನಾ ಮಧ್ಯಾಹ್ನ ತಿಮ್ಮರಾಜು ಅಣ್ಣನ ಮಂಚದ ಬಳಿ ಕೂತು ಓದಿದ. ನಡುನಡುವೆ "ಇವನ್ಯಾರ್ಲಾ?" ಎಂದು ಅಣ್ಣ, "ಹಿಂದೆ ಬಂದಿದ್ನಲ್ಲ" ಎಂದು ತಮ್ಮ, "ಬಂದಿರ್ಲಿಲ್ಲ" ಎಂದು ಅಣ್ಣ, ಹೀಗೆ ಬೀದಿಗೆ ಕೇಳುವಂತೆ ಜಗಳವಾಡಿದರು. ಲಕ್ಷ್ಮಿದೇವಮ್ಮ ಒಲೆಯ ಮುಂದಿನಿಂದಲೇ, "ಏಳನೇದ್ರಲ್ಲಿ ಬಂದಿದ್ದ, ಸುಮ್ನಿರಿ," ಎಂದು ತೀರ್ಪು ಕೊಡುತ್ತಿದ್ದಳು. ಬದುವಿನ ಮರದ ಮಾತನ್ನು ಯಾರೂ ಎತ್ತಲಿಲ್ಲ.

ಕಾಲಿನ ಪಟ್ಟಿ ಬಿಚ್ಚಿಸಲು ತಿಮ್ಮರಾಜುವೇ ಅಣ್ಣನನ್ನು ತಿಪಟೂರಿಗೆ ಕರೆದುಕೊಂಡು ಹೋದ. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿ ಬಹಳ ಸಂತೋಷಪಟ್ಟರು. "ಯಜಮಾನ್ರೇ, ಮೂಳೆ ಚೆನ್ನಾಗಿ ಕೂಡಿಕೊಂಡಿದೆ. ಇವತ್ತಿಂದಲೇ ಓಡಾಡಿ, ತೋಟಕ್ಕೆ ಹೋಗಿ. ನೋವಿಲ್ಲ ತಾನೇ?"

ಹುಚ್ಚಣ್ಣ ತಮ್ಮನ ಮುಖ ನೋಡಿದ. ತಿಮ್ಮರಾಜು ಗೋಡೆಯ ಕ್ಯಾಲೆಂಡರು ನೋಡಿದ.

"ನೋವೈತೆ ಡಾಕ್ಟ್ರೇ," ಎಂದ ಹುಚ್ಚಣ್ಣ.

"ಎಲ್ಲಿ?"

ಹುಚ್ಚಣ್ಣ ಮೊಣಕಾಲನ್ನೂ ಹಿಮ್ಮಡಿಯನ್ನೂ ಮುಟ್ಟಿ ನೋಡಿಕೊಂಡು, ಎರಡರಲ್ಲಿ ಯಾವುದೆಂದು ತೀರ್ಮಾನವಾಗದೆ ತಮ್ಮನ ಕಡೆ ಬಗ್ಗಿ ಮೆಲ್ಲಗೆ ಕೇಳಿದ.

"ಇನ್ನೂ ಎಷ್ಟು ಪುಸ್ತಕ ಉಳಿದವೆಲಾ?"